ನಲವತ್ತರ ಕೆಳಗಿನ ಸಾಲು

ಶಾಲೆಗೆ ನೂರು ವರ್ಷ ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸ ಬಿದ್ದಿದ್ದು ಚರಿತ್ರೆ ಮಿಸ್ ತಲೆಗೇ. ಇನ್ಯಾರಿಗೆ ಬೀಳಬೇಕು ಹೇಳಿ! ಕಾನ್ವೆಂಟಿನ ಕಪಾಟಿನಿಂದ ಶಾಲೆ ಕಟ್ಟಿದ ಮದರ್ ಬರೆದಿಟ್ಟ ದಿನಚರಿ ತಂದು, ಸ್ಟಾಫ್ ರೂಮಿನಲ್ಲಿ ಓದುತ್ತಾ ಕೂತಳು. ಮೂರನೇ ಪುಟದಲ್ಲೇ ಈ ಮಾತು ಸಿಕ್ಕಿತು.

"ಹಾಜರಿ ಪುಸ್ತಕದ ಕೊನೆಯ ಸಾಲು ಖಾಲಿ ಬಿಡಿ. ಅದು ತಡವಾಗಿ ಬಂದವಳಿಗೆ. ಈ ಶಾಲೆ ಇರುವುದೇ ಅವಳಿಗಾಗಿ."

ಅಯ್ಯೋ ದೇವರೇ! ಹಳೆಯ ಪುಸ್ತಕಗಳ ಆ ಖಾಲಿ ಸಾಲನ್ನು ಮಿಸ್ ಬರೀ ಉದಾಸೀನ ಅಂದುಕೊಂಡಿದ್ದಳು. ಕೆಲಸಕ್ಕೆ ಸೇರಿದ ವರ್ಷವೇ ನಲವತ್ತು ಹೆಸರು ಬರೆದು, ಕೆಳಗಿನ ಖಾಲಿ ಸಾಲಿಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದಿದ್ದಳು. ಶಾಯಿ ಆರುವ ಮೊದಲೇ ಒಬ್ಬ ತಾಯಿ ಮಗಳ ಕೈ ಹಿಡಿದು ಬಂದಳು. "ಪುಸ್ತಕ ಮುಗೀತಮ್ಮ, ಮುಂದಿನ ವರ್ಷ ಬಾ." ಹುಡುಗಿಯ ಹೆಸರನ್ನೂ ಕೇಳಲಿಲ್ಲ. ಹುಡುಗಿ ಬೆಂಕಿಪೊಟ್ಟಣದ ಕಾರ್ಖಾನೆಗೆ ಸೇರಿದಳು. ತಿಂಗಳೊಳಗೆ ಅಲ್ಲಿ ಬೆಂಕಿ ಬಿತ್ತು, ಹುಡುಗಿ ಹೊರಗೆ ಬರಲಿಲ್ಲ.

ಅಂದಿನಿಂದ ಮೂವತ್ತು ವರ್ಷ, ಹಾಜರಿ ಕರೆಯುತ್ತಾ ನಲವತ್ತು ಮುಗಿದರೆ ಸಾಕು, ಹಿಂದಿನ ಬೆಂಚಿನಿಂದ ಇನ್ನೊಂದು ದನಿ: "ಹಾಜರ್, ಮಿಸ್." ಮಕ್ಕಳಿಗೆ ಕೇಳದು. ಮಿಸ್ ಪುಸ್ತಕ ಪಟ್ಟನೆ ಮುಚ್ಚಿ ಪಾಠ ಶುರು ಮಾಡುವಳು. ಹಾಡಹಗಲೇ ಬೆವರುವ ಬಾಳು, ಯಾರ ಹತ್ತಿರ ಹೇಳಿಕೊಳ್ಳೋದು?

ಈಗ ದಾರಿ ಸಿಕ್ಕಿತು. ಆ ಸಾಲಿನಲ್ಲಿ ಹೆಸರು ಬರೆದುಬಿಟ್ಟರೆ ಹುಡುಗಿಗೂ ನೆಮ್ಮದಿ, ತನಗೂ. ಹೆಸರು ಗೊತ್ತಿದ್ದವಳು ಆ ತಾಯಿ ಒಬ್ಬಳೇ. ಬೆಂಕಿ ಬಿದ್ದ ಮರುವರ್ಷದಿಂದ ಅವಳು ಇದೇ ಶಾಲೆಯಲ್ಲಿ ಆಯಾ. ಅವಳಿಂದ ಮುಖ ತಪ್ಪಿಸಿಕೊಂಡು ಓಡಾಡಿದ್ದೇ ಮಿಸ್ ಪಾಡು!

ಪ್ರಾರ್ಥನಾ ಮಂದಿರದ ಮೆಟ್ಟಿಲು ಗುಡಿಸುತ್ತಿದ್ದವಳ ಮುಂದೆ ಮಿಸ್ ಹೋಗಿ ನಿಂತಳು. "ಆಯಮ್ಮ, ತಪ್ಪಾಯ್ತು. ಮಗಳ ಹೆಸರು ಹೇಳಿ, ಪುಸ್ತಕದಲ್ಲಿ ಬರೀತೀನಿ. ಆಮೇಲಾದ್ರೂ ಅವಳು ಹಾಜರ್ ಅನ್ನೋದು ನಿಲ್ಲಿಸ್ತಾಳೆ."

ಆಯಾ ಪೊರಕೆ ಕೆಳಗಿಟ್ಟಳು. "ದಿನಾ ಹಾಜರಿ ಹೊತ್ತಿಗೆ ನಿಮ್ಮ ಕ್ಲಾಸಿನ ಬಾಗಿಲಲ್ಲೇ ಯಾಕೆ ಗುಡಿಸ್ತೀನಿ ಅಂದ್ಕೊಂಡ್ರಿ ಮಿಸ್? ಅವಳ ದನಿ ಕೇಳೋಕೆ. ನನಗೆ ಉಳಿದಿರೋದು ಅದೊಂದೇ. ನಿಮ್ಮ ದಮ್ಮಯ್ಯ, ಬರೀಬೇಡಿ."

ಮಿಸ್ ಸ್ಟಾಫ್ ರೂಮಿಗೆ ಹಿಂತಿರುಗಿದಳು. ಗೆರೆ ಎಳೆದವಳು ತಾನೇ ಅಂತ ಚರಿತ್ರೆಯಲ್ಲಿ ಬರೆದಳು. ಹುಡುಗಿಯ ಹೆಸರು ಮಾತ್ರ ಬರೆಯಲಿಲ್ಲ.

ಮರುದಿನ ನಲವತ್ತರವರೆಗೆ ಕರೆದು, ಪುಸ್ತಕ ಮುಚ್ಚದೆ ಕೂತಳು. ದನಿ ಬಂತು. ಬಾಗಿಲಾಚೆ ಪೊರಕೆಯ ಸದ್ದು ನಿಂತಿತು. ಮಿಸ್ ಹಿಂದಿನ ಬೆಂಚಿನ ಕಡೆ ಮುಖ ಎತ್ತಿದಳು.

"ಇನ್ನೊಂದು ಸಲ ಹೇಳು ಮಗಾ," ಅಂದಳು, "ಅಮ್ಮ ಹೊರಗೆ ನಿಂತಿದ್ದಾರೆ."