ಏರಿ ಉಳಿದ ದಿನ

ಊರಿಗೆ ನೂರು ವರ್ಷ ತುಂಬುವ ಹೊತ್ತಿಗೆ ಅದರ ಚರಿತ್ರೆ ಬರೆಯುವ ಕೆಲಸ ನಿವೃತ್ತ ಟೀಚರಮ್ಮನ ಹೆಗಲಿಗೆ ಬಿತ್ತು. ಆಕೆ ಮನೆಮನೆ ತಿರುಗಿ ಹಳಬರನ್ನು ಮಾತಾಡಿಸಿದಳು. ಕೆರೆಯ ಏರಿ ಬಿರುಕುಬಿಟ್ಟ ವರ್ಷದ ಕಥೆಯನ್ನು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳಿದರು: ಮೂರು ದಿನ ಊರಿಗೆ ಊರೇ ಕಲ್ಲು ಹೊತ್ತಿತು, ಟೀಚರಮ್ಮನ ಅಪ್ಪ ತನ್ನ ಲಾರಿಯನ್ನು ಊರಿಗೇ ಬಿಟ್ಟುಕೊಟ್ಟ, ಏರಿ ಉಳಿಯಿತು.

ಕೊನೆಗೆ ಉಳಿದದ್ದು ಕಮ್ಮಾರನ ಹೆಂಡತಿ. ಎಂಬತ್ತು ದಾಟಿದ್ದಳು.

"ಸತ್ತಮೇಲೆ ಬರೋಣ ಅಂತಿದ್ಯಾ?" ಎಂದು ನಕ್ಕು ಚಾಪೆ ಹಾಸಿದಳು.

"ಏರಿ ವಿಷಯ ಹೇಳಿ, ದೊಡ್ಡಮ್ಮ."

ಮುದುಕಿ ಗೋಡೆಗೊರಗಿ ಕಾಲು ಚಾಚಿದಳು. "ನಮ್ಮೋರು ಕುಲುಮೆ ಬಿಟ್ಟು ಏಳ್ಲಿಲ್ಲ. ಹಾರೆ ಮೊಂಡಾದಂಗೆಲ್ಲ ಚೂಪು ಮಾಡ್ಬೇಕಿತ್ತು. ಎರಡನೇ ದಿನ ನಮ್ಮ ಬುಗುರಿಗೆ ಜ್ವರ ತಲೆಗೇರ್ತು. ಆಸ್ಪತ್ರೆ ಹನ್ನೆರಡು ಮೈಲಿ. ಮಗೂನ ಎತ್ಕೊಂಡು ನಿಮ್ಮಪ್ಪನ ಹತ್ರ ಹೋದೆ."

ಟೀಚರಮ್ಮನ ಪೆನ್ನು ನಿಂತಿತು. ಬುಗುರಿ ಆಕೆಯ ಓರಗೆಯವಳು. ಒಂದು ಕಡೆ ನಿಲ್ಲದ ಹುಡುಗಿ, ಅದಕ್ಕೇ ಆ ಹೆಸರು.

"ಸಂಜೆವರೆಗೂ ತಡ್ಕೊಳಮ್ಮ ಅಂದ್ರು. ಲಾರಿ ಹೋದ್ರೆ ಏರಿ ಹೋಗತ್ತೆ ಅಂದ್ರು. ಸುಳ್ಳೇನಲ್ಲ. ಮಧ್ಯಾಹ್ನಕ್ಕೇ ಹೋಗ್ಬಿಟ್ಳು."

"ಬುಗುರಿ ಅವಳಜ್ಜಿ ಊರಿಗೆ ಹೋದಳು ಅಂತ ನಮ್ಮನೇಲಿ ಹೇಳಿದ್ರು," ಎಂದಳು ಟೀಚರಮ್ಮ. "ಎಷ್ಟೋ ದಿನ ಕಾಯ್ತಾ ಇದ್ದೆ."

"ನಿಮ್ಮಪ್ಪ ಆಮೇಲೆ ನಮ್ಮ ಬೀದೀಲಿ ಕಾಲಿಡ್ಲಿಲ್ಲ. ಕೆರೆಗೆ ಹೋಗೋಕೂ ಸುತ್ತುಬಳಸಿ ಹೋಗೋರು."

ಅಪ್ಪನ ಸುತ್ತು ದಾರಿಯಲ್ಲಿ ಟೀಚರಮ್ಮನೂ ಎಷ್ಟೋ ಸಲ ಅವನ ಕೈಹಿಡಿದು ನಡೆದಿದ್ದಳು. ಯಾಕೆಂದು ಕೇಳಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆದಳು. ಪುಸ್ತಕ ಸಮಿತಿಯ ಅಧ್ಯಕ್ಷ ಅವಳ ತಮ್ಮನೇ. ಹಾಳೆ ಓದಿ ಅವನ ಮುಖ ಕಪ್ಪಿಟ್ಟಿತು.

"ಅಪ್ಪನ ಹೆಸರಿಗೆ ಮಸಿ ಬಳೀತೀಯಾ ಅಕ್ಕ?"

"ಅಪ್ಪ ಊರು ಉಳಿಸಿದ್ದನ್ನೂ ಬರೆದಿದ್ದೀನಿ. ಎರಡೂ ಇರಲಿ. ಇಲ್ಲಾಂದ್ರೆ ಇಡೀ ಪುಸ್ತಕ ವಾಪಸ್ ಕೊಡು."

ಪುಸ್ತಕ ಅಚ್ಚಾಯಿತು. ತಮ್ಮ ಅಂದಿನಿಂದ ಮಾತು ಬಿಟ್ಟ.

ಮೊದಲ ಪ್ರತಿ ಹಿಡಿದು ಟೀಚರಮ್ಮ ಕಮ್ಮಾರನ ಮನೆಗೆ ಹೋದಳು. ಮುದುಕಿಗೆ ಓದು ಬಾರದು. ಮಗಳ ಹೆಸರಿರುವ ಸಾಲನ್ನು ಎರಡು ಸಲ ಓದಿಸಿದಳು, ಆ ಜಾಗದ ಮೇಲೆ ಬೆರಳಿಟ್ಟು ಕೂತಳು. ಬೆರಳು ತೆಗೆಯದೆಯೇ ಕೇಳಿದಳು:

"ನೀವಿಬ್ರೂ ದಿನಾ ಆಡ್ತಿದ್ರಲ್ಲ. ಅವಳ ಮುಖ ನೆನಪಿದ್ಯಾ ನಿಂಗೆ? ಒಂದು ಫೋಟೋನೂ ಇಲ್ಲ ಕಣೇ. ನಂಗೆ ಮರ್ತುಹೋಗಿದೆ."

ಟೀಚರಮ್ಮ ಕಣ್ಣು ಮುಚ್ಚಿ ಹುಡುಕಿದಳು. ಓಡುವ ಕಾಲುಗಳು ಕಂಡವು, ಧೂಳು ಕಂಡಿತು. ಮುಖ ಮಾತ್ರ ತಿರುಗಲೇ ಇಲ್ಲ.

"ಇಲ್ಲ, ದೊಡ್ಡಮ್ಮ."

"ಇರಲಿ ಬಿಡು," ಎಂದಳು ಮುದುಕಿ. "ನೀನೂ ಆಗ ಐದು ವರ್ಷದ ಕೂಸು."