ಹೊಳೆಯಾಚೆಯ ಪಾಲು

"ಎಡಗಡೆ ಕಾಲು ಮೊದಲು ಎತ್ತಿ. ಅದು ಸಡಿಲ."

ಊಟದ ಮೇಜು ನಡುಮನೆಯ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಆಸ್ಪತ್ರೆಯಿಂದ ಗಾಡಿ ಹೊರಟಿದೆಯೆಂದು ಫೋನು ಬಂದು ಹತ್ತು ನಿಮಿಷವಾಗಿತ್ತು. ಅಣ್ಣನ ದೇಹವನ್ನು ಮಲಗಿಸಲು ಜಾಗ ಬೇಕಿತ್ತು. ತಂಗಿ ಒಂದು ತುದಿ ಹಿಡಿದು ಎಳೆಯುತ್ತಿದ್ದಳು, ಚಿಕ್ಕಪ್ಪ ಇನ್ನೊಂದು ತುದಿಯಲ್ಲಿ ನಿಂತು ಸಲಹೆ ಕೊಡುತ್ತಿದ್ದರು. ಆಗಲೇ ಗೇಟು ತಳ್ಳಿಕೊಂಡು ಬಂದ ಮೂವರು ಯಾರನ್ನೂ ಕೇಳದೆ ಮೇಜಿಗೆ ಕೈಹಾಕಿದ್ದು. ಸಡಿಲ ಕಾಲಿನ ಸುದ್ದಿ ಹೇಳಿದವನು ಬಸ್ ಕಂಡಕ್ಟರ್; ದಪ್ಪ ಮನುಷ್ಯ, ಖಾಕಿ ಅಂಗಿಯಲ್ಲೇ ಬಂದಿದ್ದ. ಇನ್ನೊಬ್ಬಳು ನರ್ಸ್. ಪಾಳಿ ಮುಗಿಸಿ ನೇರವಾಗಿ ಬಂದಿದ್ದಳೇನೋ, ಬಿಳಿ ಬೂಟು ಕಾಲಲ್ಲೇ ಇತ್ತು. ಮೂರನೆಯವರು ಅರವತ್ತು ದಾಟಿದ ಹೆಂಗಸು, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮೇಜು ಒಮ್ಮೆ ವಾಲಿತು, ಸ್ವಲ್ಪ ತಿರುಗಿತು, ಸದ್ದಿಲ್ಲದೆ ಹೊರಗೆ ಹೋಯಿತು.

ತಂಗಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಮೇಜಿಗೆ ಗೊತ್ತಿತ್ತು.

"ಇವರ್ಯಾರು ಅತ್ತಿಗೆ?"

"ಭಾನುವಾರದವರು," ಎಂದಳು ಅತ್ತಿಗೆ. ಅತ್ತು ಅತ್ತು ಅವಳ ದನಿ ಒಡೆದಿತ್ತು. "ಹದಿನಾರು ವರ್ಷದಿಂದ ಒಂದು ಭಾನುವಾರ ತಪ್ಪಿಸಿಲ್ಲ. ನಮ್ಮ ನೆಂಟರು ಮದುವೆ ಮನೆಗೂ ಇಷ್ಟು ಸರಿಯಾಗಿ ಬಂದವರಲ್ಲ."

ಗಣಿತದ ಮೇಡಂ ಒಳಗೆ ಬಂದು ಅತ್ತಿಗೆಯ ಎರಡೂ ಕೈ ಹಿಡಿದುಕೊಂಡರು. "ಮಾಸ್ಟ್ರು ಹೀಗೆ ಮಾಡಬಾರದಿತ್ತಮ್ಮ."

ಚಿಕ್ಕಪ್ಪ ತಂಗಿಯ ಕಿವಿಯ ಬಳಿ ಬಗ್ಗಿದರು. "ಇವನು ಯಾವಾಗ ಮಾಸ್ಟ್ರಾದ? ಕನ್ನಡಕದಂಗಡಿ ಬಿಟ್ಟಿದ್ನಾ?"

"ಇಲ್ಲ ಚಿಕ್ಕಪ್ಪ. ಅದೊಂದು ಆಟ. ಆಟ ನಡೆಸೋರನ್ನ ಹಾಗೆ ಕರೀತಾರಂತೆ, ಅತ್ತಿಗೆ ಯಾವತ್ತೋ ಹೇಳಿದ್ರು."

"ಇಸ್ಪೀಟಾ?"

"ಇಸ್ಪೀಟಲ್ಲ," ಎಂದಳು.

ಗಾಡಿ ಬಂತು. ಅಣ್ಣನನ್ನು ಮಲಗಿಸಿದರು. ಮೂವತ್ತೊಂದು ವರ್ಷ ಕನ್ನಡಕದ ಗಾಜು ಉಜ್ಜಿದ ಬೆರಳುಗಳು. ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ತುದಿ ನುಣ್ಣಗಾಗಿತ್ತು. ಅಂಗಡಿಯಲ್ಲೇ, ಚಕ್ರದ ಮೇಲೆ ಗಾಜು ಇನ್ನೂ ತಿರುಗುತ್ತಿದ್ದಾಗಲೇ ಕುಸಿದನಂತೆ. ಐವತ್ತೆರಡು ವಯಸ್ಸು.

ತಂಗಿ ಆ ಹೆಬ್ಬೆರಳನ್ನೇ ನೋಡುತ್ತ ಕುಳಿತಳು. ಎರಡು ವಾರದ ಹಿಂದೆ ಅಣ್ಣ ಫೋನು ಮಾಡಿದ್ದ. ವರ್ಷಕ್ಕೆ ಎರಡು ಸಲ, ಅವಳ ಹುಟ್ಟುಹಬ್ಬಕ್ಕೊಮ್ಮೆ ಅಪ್ಪ ತೀರಿಕೊಂಡ ದಿನಕ್ಕೊಮ್ಮೆ ಬರುವ ಫೋನು. ಇದು ಎರಡೂ ಆಗಿರಲಿಲ್ಲ.

"ಒಂದು ಭಾನುವಾರ ಬಂದು ಹೋಗೆ," ಎಂದಿದ್ದ.

"ಯಾಕಣ್ಣ? ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಸುಮ್ನೆ."

ಅವಳ ಕಚೇರಿಯಲ್ಲಿ ತಪಾಸಣೆ ನಡೆದಿತ್ತು. ಮೇಜಿನ ತುಂಬ ವಿಮೆಯ ಅರ್ಜಿಗಳು. "ನೋಡೋಣ," ಎಂದಿದ್ದಳು.

ಈಗ ಅತ್ತಿಗೆಯ ಕಡೆ ಬಾಗಿ ಕೇಳಿದಳು, "ನನ್ನನ್ನ ಯಾಕೆ ಕರೆದಿದ್ದ ಅತ್ತಿಗೆ?"

"ಕರೆದಿದ್ರಾ? ನನಗೇನೂ ಹೇಳಲಿಲ್ವಲ್ಲೇ." ಅತ್ತಿಗೆ ಅಣ್ಣನ ಮುಖ ನೋಡಿದಳು, ಅಲ್ಲೇನಾದರೂ ಬರೆದಿರಬಹುದು ಎಂಬಂತೆ. "ಈ ಮನುಷ್ಯ ಮನಸ್ಸಲ್ಲಿದ್ದದ್ದು ಯಾವತ್ತು ಬಾಯಿಬಿಟ್ಟು ಹೇಳಿದಾರೆ?"

ರಾತ್ರಿ ರೈಲಿನಲ್ಲಿ ನಾಲ್ಕು ಗಂಟೆಯೂ ಇದೊಂದೇ ಪ್ರಶ್ನೆ ಅವಳ ತಲೆ ತಿಂದಿತ್ತು. ಉತ್ತರ ಈ ಮನೆಯಲ್ಲಿ ಎಲ್ಲಾದರೂ ಇದ್ದೀತು ಅಂದುಕೊಂಡು ಬಂದಿದ್ದಳು. ಅತ್ತಿಗೆಗೂ ಗೊತ್ತಿಲ್ಲವೆಂದಮೇಲೆ ಇನ್ನು ಕೇಳಲು ಯಾರಿದ್ದರು?

*

ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಯಾರೋ ಚಹಾ ಹಂಚುತ್ತಿದ್ದರು. ಚಿಕ್ಕಪ್ಪ ಕಂಡಕ್ಟರನನ್ನು ಬಿಟ್ಟಿರಲಿಲ್ಲ.

"ಸಾರ್, ಒಂದು ಲೋಕ ಇರತ್ತೆ," ಎನ್ನುತ್ತಿದ್ದ ಕಂಡಕ್ಟರ್. "ಊರು, ಬೆಟ್ಟ, ಕೋಟೆ, ರಾಜ, ರಾಜನ ಹಲ್ಲುನೋವು, ಎಲ್ಲ ಮಾಸ್ಟ್ರೇ ಕಟ್ಟಿರ್ತಾರೆ. ಅವರು 'ಎದುರಿಗೊಂದು ಬಾಗಿಲಿದೆ' ಅಂತಾರೆ. ಆಗ ನಾವು ಏನು ಮಾಡ್ತೀವಿ ಅಂತ ನಾವು ಹೇಳಬೇಕು. ಅದು ಆಗತ್ತೋ ಇಲ್ವೋ ಅಂತ ದಾಳ ಹಾಕಿ ನೋಡೋದು."

"ಬಾಗಿಲು ನಿಜವಾಗ್ಲೂ ಇರಲ್ಲ?"

"ಇರಲ್ಲ ಸಾರ್."

"ಮತ್ತೆ ಹದಿನಾರು ವರ್ಷ ಏನು ಮಾಡಿದ್ರಪ್ಪ?"

"ಒಳಗೆ ಹೋದ್ವಿ ಸಾರ್."

ಚಿಕ್ಕಪ್ಪ ಚಹಾ ಹೀರಿದರು. "ನೀವು ಅದರಲ್ಲಿ ಏನು? ಸೇನಾಪತಿನಾ?"

"ಕಳ್ಳ." ಕಂಡಕ್ಟರ್ ನಾಚಿದ. "ದಿನವೆಲ್ಲ ಟಿಕೆಟ್ ಟಿಕೆಟ್ ಅಂತ ಜನರ ಬೆನ್ನು ಬಿದ್ದಿರ್ತೀನಲ್ಲ. ಭಾನುವಾರ ಒಂದಿನ ನನ್ನ ಬೆನ್ನು ಯಾರಾದ್ರೂ ಬೀಳ್ಲಿ ಅನ್ಸತ್ತೆ. ಕನ್ನಡಕ ಮಾಡಿಸೋಕೆ ಅಂತ ಅಂಗಡಿಗೆ ಹೋಗಿದ್ದೆ ಸಾರ್. ಕಳ್ಳ ಆಗಿ ಆಚೆ ಬಂದೆ."

"ನಮ್ಮ ಹುಡುಗಂಗೆ ಮಾತೇ ಕಮ್ಮಿ. ಅವನು ಹೇಳಿ, ನೀವು ಕೇಳಿ..."

"ಕಮ್ಮಿನಾ?" ನರ್ಸ್ ತಿರುಗಿದಳು. "ಒಂದು ಯುದ್ಧ ಶುರು ಮಾಡಿದ್ರೆ ಮೂರು ವಾರ! ಕುದುರೆಗೂ ದನಿ ಅವರದೇ, ಕುದುರೆ ಮೇಲಿದ್ದೋನಿಗೂ ಅವರದೇ."

ನೀರು ಕುಡಿಯಲು ಹೊರಗೆ ಬಂದಿದ್ದ ಅತ್ತಿಗೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ನಾನೂ ಇದೀನಂತೆ ಅದರಲ್ಲಿ," ಎಂದಳು, ಯಾರಿಗೂ ಅಲ್ಲದಂತೆ. "ಒಂದು ಛತ್ರ ಇಟ್ಟಿದೀನಂತೆ. ಎಂಟು ಗಂಟೆ ಆದ್ಮೇಲೆ ರಾಜ ಬಂದ್ರೂ ಬಾಗಿಲು ತೆಗೆಯಲ್ವಂತೆ."

"ತೆಗೆಯಲ್ಲ," ಎಂದರು ಗಣಿತದ ಮೇಡಂ. "ನಾವು ಮೂರು ಸಲ ಹೊರಗೇ ಮಲಗಿದೀವಿ."

ಅತ್ತಿಗೆ ನಗಲು ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಮೇಡಂ ಮತ್ತೆ ಮಾತೆತ್ತಿದರು. "ಆ ನೆಲದ ಆಕಾರ ಮಾತ್ರ ನನಗೆ ಬಿಡಿಸೋಕೆ ಆಗಲಿಲ್ಲ. ಉದ್ದ ನಾನೂರು ಹರದಾರಿ, ಅಗಲ ಬರೀ ಹದಿನೈದು. ಎರಡೂ ಬದಿಗೆ ಸಮುದ್ರ. ಅಂಥ ದೇಶ ಯಾರು ಕಟ್ಟುತ್ತಾರೆ? ಸಮುದ್ರ ಎರಡೂ ಕಡೆಯಿಂದ ಕೊರೆದು ಉಳಿದ ಬೆನ್ನೆಲುಬು ಅದು ಅಂತ ನಾನೊಂದು ಸಿದ್ಧಾಂತವನ್ನೇ ಬರೆದು ಕೊಟ್ಟಿದ್ದೆ, ಒಂಬತ್ತು ಪುಟ. ಮಾಸ್ಟ್ರು ಓದಿ ನಕ್ಕರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ."

ತಂಗಿ ಚಹಾದ ಲೋಟವನ್ನು ನೆಲಕ್ಕಿಟ್ಟಳು.

*

ನೆಲ ಅಷ್ಟು ಕಿರಿದಾಗಿದ್ದದ್ದು ಕಾಗದ ಕಿರಿದಾಗಿದ್ದರಿಂದ.

ಅಪ್ಪ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲಿದ್ದರು. ಪುಸ್ತಕದ ಅಂಚು ಸವರಿದಾಗ ಬೀಳುವ ಪಟ್ಟಿಗಳು, ನಾಲ್ಕು ಬೆರಳಿನಷ್ಟು ಅಗಲ, ಮೊಳದುದ್ದ. ಅವನ್ನು ಚೀಲದಲ್ಲಿ ತುಂಬಿ ಮನೆಗೆ ತರುತ್ತಿದ್ದರು. ಅವಳಿಗೆ ಎಂಟು, ಅಣ್ಣನಿಗೆ ಹನ್ನೊಂದು ಆಗಿದ್ದಾಗ ಇಬ್ಬರಿಗೂ ಒಟ್ಟಿಗೆ ಮಂಗನಬಾವು ಬಂತು. ಮೂರು ವಾರ ಒಂದೇ ಕೋಣೆ. ಕೆನ್ನೆ ಊದಿ ಮಾತಾಡಲಾಗದ ಅಣ್ಣ ಪಟ್ಟಿಗಳ ತುದಿಗೆ ತುದಿ ಅಂಟಿಸಿ, ಹಾಸಿಗೆಯಿಂದ ಹಾಸಿಗೆಗೆ ಹಾಸಿ, ಮೇಲೊಂದು ಬೆಟ್ಟ ಬರೆದ. ಅವಳು ಬೆಟ್ಟದ ಕೆಳಗೆ ಒಂದು ಮನೆ ಬರೆದಳು. ನಡುವೆ ಗೋಂದಿನ ಬಾಟಲಿ ಉರುಳಿ ಒಂದು ಕಡೆ ಕಾಗದವೆಲ್ಲ ನೆನೆದುಹೋಯಿತು. ಇಬ್ಬರೂ ಅದನ್ನೇ ನೋಡಿದರು.

"ಹೊಳೆ," ಎಂದ ಅಣ್ಣ, ಊದಿದ ಬಾಯಿಯಲ್ಲಿ. "ಈಚೆ ನಂದು. ಆಚೆ ನಿಂದು."

ಮಂಗನಬಾವು ಇಳಿಯಿತು. ಲೋಕ ಇಳಿಯಲಿಲ್ಲ. ಮುಂದಿನ ಹತ್ತು ವರ್ಷ ಪಟ್ಟಿಗೆ ಪಟ್ಟಿ ಸೇರುತ್ತ ಹೋಯಿತು. ಅವನು ತನ್ನ ಕಡೆಯ ಊರುಗಳಿಗೆ ಬಾವಿ ಎಷ್ಟು, ಬಾವಿಗೆ ಮೆಟ್ಟಿಲೆಷ್ಟು ಎಂದು ಬರೆದಿಡುತ್ತಿದ್ದ. ಅವಳ ಕಡೆಯ ಬಗ್ಗೆ ಒಂದು ಅಕ್ಷರ ಬರೆದವನಲ್ಲ. ಬೇಕಾದರೆ ಅವಳನ್ನೇ ಕೇಳುತ್ತಿದ್ದ.

ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ಕಾಲೇಜಿನ ಗೆಳತಿಯರು ನಾಲ್ವರು ಮನೆಗೆ ಬಂದಿದ್ದರು. ಆಗಷ್ಟೇ ಗಾಜು ಉಜ್ಜುವ ಕೆಲಸಕ್ಕೆ ಸೇರಿದ್ದ ಅಣ್ಣ, ಖುಷಿಯಿಂದ, ಆ ಪಟ್ಟಿಗಳ ಸುರುಳಿಯನ್ನು ತಂದು ಅವರ ಮುಂದೆ ಬಿಚ್ಚಿದ. "ಆಚೆ ಕಡೆಯದೆಲ್ಲ ಇವಳದ್ದು," ಎಂದ. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕಿಸಕ್ಕೆಂದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ತಂಗಿ.

ಅವರು ಹೋದಮೇಲೆ ಹೊಳೆಯಾಚೆಯದನ್ನೆಲ್ಲ ಹರಿದಳು. ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ತಡೆಯಲಿಲ್ಲ.

"ನಿನ್ನ ಪಾಲು," ಎಂದಷ್ಟೇ ಹೇಳಿ ಹೋದ. ಆಮೇಲೆ ಆ ಮಾತು ಅವರ ನಡುವೆ ಮತ್ತೆ ಬರಲೇ ಇಲ್ಲ.

*

"ಒಂದೂವರೆ ಗಂಟೆ ಆಗತ್ತೆ," ಎಂದ ಚಿತಾಗಾರದ ನೌಕರ. ಎಲ್ಲರಿಗೂ ಹೇಳುವ ಮಾತು, ಮೆಲ್ಲಗೆ ಹೇಳಿದ. "ಹೊರಗೆ ಬೆಂಚಿದೆ."

ಕಬ್ಬಿಣದ ಬಾಗಿಲು ಮುಚ್ಚಿದ ಸದ್ದು ಇನ್ನೂ ಕಿವಿಯಲ್ಲಿತ್ತು. ಅತ್ತಿಗೆಯನ್ನು ಚಿಕ್ಕಪ್ಪ ಕಚೇರಿಯ ಕೋಣೆಯಲ್ಲಿ ಕೂರಿಸಿದರು. ತಂಗಿ ಹೊರಗೆ ಬಂದು ಸಿಮೆಂಟ್ ಬೆಂಚಿನ ಒಂದು ತುದಿಗೆ ಕುಳಿತಳು. ಭಾನುವಾರದ ಮೂವರೂ ಅದೇ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಂಡರು. ಎಲ್ಲೋ ಮೇಲೆ ದೊಡ್ಡ ಫ್ಯಾನೊಂದು ಗುಂಯ್ಗುಡುತ್ತಿತ್ತು.

"ಈ ಭಾನುವಾರ ದಾಟೋದಿತ್ತು," ಎಂದಳು ನರ್ಸ್, ಕೈ ನೋಡಿಕೊಳ್ಳುತ್ತ.

"ಸುಮ್ನಿರು," ಎಂದ ಕಂಡಕ್ಟರ್.

"ಏನು ದಾಟೋದು?" ತಂಗಿ ಕೇಳಿದಳು.

"ಹೊಳೆ ಅಕ್ಕಾ," ಎಂದಳು ನರ್ಸ್. "ಆ ದೇಶದ ನಡುವೆ ಒಂದು ಹೊಳೆ ಇದೆ. ಹದಿನಾರು ವರ್ಷದಲ್ಲಿ ಒಂದು ಸಲಾನೂ ದಾಟೋಕೆ ಬಿಟ್ಟಿಲ್ಲ ಮಾಸ್ಟ್ರು. ಇವನು ದೋಣಿ ಕದ್ದ, ಅವರು ಗಾಳಿ ಎಬ್ಬಿಸಿದ್ರು. ನಾನು ಈಜಿದೆ, ಸುಳಿಗೆ ಹಾಕಿದ್ರು. ಆಚೆ ಏನಿದೆ ಅಂತ ಕೇಳಿದ್ರೆ ಒಂದೇ ಮಾತು, 'ಅದು ನನ್ನದಲ್ಲ. ಅದರ ಒಡತಿ ಬೇರೆ ಇದಾಳೆ.'"

"ನಾವು ಮಾಟಗಾತಿ ಅಂದ್ಕೊಂಡ್ವಿ," ಎಂದ ಕಂಡಕ್ಟರ್. "ಇವಳು ಅವಳನ್ನ ಕಡಿಯೋಕೆ ಅಂತಲೇ ಒಂದು ಕತ್ತಿ ಮಾಡಿಸಿದ್ಲು."

"ಹೋದ ಭಾನುವಾರ ಏಳೋ ಹೊತ್ತಿಗೆ ಹೇಳಿದ್ರು," ಎಂದರು ಗಣಿತದ ಮೇಡಂ. "'ದೋಣಿ ತಯಾರಿಟ್ಟುಕೊಳ್ಳಿ. ಒಡತೀನ ಕರೆದಿದೀನಿ. ನೋಡೋಣ ಅಂದಿದಾಳೆ.' ಎಷ್ಟು ಸಂತೋಷ ಅವರಿಗೆ! ನೋಡೋಣ ಅಂದ್ರೆ ಬಂದ ಹಾಗೇ, ಬೇಡ ಅನ್ನೋಳಾಗಿದ್ರೆ ಬೇಡ ಅಂತಿದ್ಲು ಅಂದ್ರು."

ತಂಗಿ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ದಿನ ಫೋನಿಟ್ಟು ಮುಂದಿನ ಅರ್ಜಿ ಎತ್ತಿಕೊಳ್ಳಲು ಎಷ್ಟು ಹೊತ್ತಾಗಿತ್ತು? ಕಾಲು ನಿಮಿಷವೂ ಇಲ್ಲ.

"ಅದು ನಾನು," ಎಂದಳು.

ಮೂವರೂ ಅವಳನ್ನೇ ನೋಡಿದರು.

"ಕತ್ತಿ ವಿಷಯ..." ನರ್ಸ್ ತಡವರಿಸಿದಳು. "ತಪ್ಪು ತಿಳ್ಕೋಬೇಡಿ ಅಕ್ಕಾ."

"ಕಾಗದ ಉದ್ದಕ್ಕಿತ್ತು, ಅದಕ್ಕೇ ದೇಶ ಹಾಗೆ," ಎಂದಳು ತಂಗಿ, ಮೇಡಂ ಕಡೆ ತಿರುಗಿ. ಮೊದಲು ಹೇಳಬೇಕಾದದ್ದು ಇದಲ್ಲವೆಂದು ಗೊತ್ತಿದ್ದೂ ಅದೇ ಬಂತು. "ಅಪ್ಪ ಪ್ರೆಸ್ಸಿಂದ ತರ್ತಿದ್ದ ಪಟ್ಟಿ. ನಾಲ್ಕು ಬೆರಳು ಅಗಲ."

ಮೇಡಂ ಕಣ್ಣು ಮುಚ್ಚಿದರು. "ಒಂಬತ್ತು ಪುಟ," ಎಂದರು.

"ಹಾಗಾದ್ರೆ ನಿಮಗೆ ಗೊತ್ತಕ್ಕಾ." ಕಂಡಕ್ಟರ್ ಮುಂದಕ್ಕೆ ಬಾಗಿದ. "ಆಚೆ ಏನಿದೆ?"

ಏನಾದರೊಂದು ಹೇಳಬಹುದಿತ್ತು. ಒಂದು ಅರಮನೆ, ಒಂದು ತೋಟ. ಯಾರು ಒರೆಗೆ ಹಚ್ಚಿ ನೋಡುತ್ತಿದ್ದರು? ಆದರೆ ಇಪ್ಪತ್ತೈದು ವರ್ಷ ಜನರ ಅರ್ಜಿಯಲ್ಲಿ ಸುಳ್ಳು ಹುಡುಕಿದವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಏನೂ ಇಲ್ಲ. ನನ್ನ ಕೈಯಾರೆ ಹರಿದು ಹಾಕಿದೆ. ಅದರಲ್ಲಿ ಏನು ಬರೆದಿದ್ದೆ ಅನ್ನೋದೂ ಈಗ ನೆನಪಿಲ್ಲ. ಅವನು ಕರೆದಾಗ ಯಾಕೆ ಅಂತ ಇನ್ನೊಂದು ಸಲ ಕೇಳಿದ್ರೆ ಹೇಳ್ತಿದ್ನೇನೋ. ನಾನು ಕೇಳಲಿಲ್ಲ."

ಮೇಲೆ ಫ್ಯಾನಿನ ಸದ್ದು ಒಂದೇ ಸಮ ಇತ್ತು. ಪಕ್ಕದ ಬೆಂಚಿನಲ್ಲಿ ಬೇರೆ ಯಾರದೋ ಮನೆಯವರು ಬಂದು ಕುಳಿತರು.

ಗಣಿತದ ಮೇಡಂ ಮೂಗು ಒರೆಸಿಕೊಂಡರು. "ಹರಿದದ್ದು ದೊಡ್ಡ ಚೂರಾಗಿಯೋ, ಸಣ್ಣ ಚೂರಾಗಿಯೋ?"

ಅದು ಸಮಾಧಾನ ಮಾಡುವ ದನಿಯಾಗಿರಲಿಲ್ಲ. ಗೊತ್ತಾಗಬೇಕೆಂದು ಕೇಳುವ ದನಿ.

"ಸಣ್ಣದು. ಉಗುರಿನಷ್ಟು. ಕೊನೆಕೊನೆಗೆ ಕೈಸೋತು ಅಂಗೈಯಷ್ಟು."

"ಅಂದ್ರೆ ದಡದ ಹತ್ತಿರ ನೆಲ ಚೂರುಚೂರು. ಒಳಗೆ ಹೋದಹಾಗೆ ದೊಡ್ಡ ತುಂಡುಗಳು. ತುಂಡುಗಳ ನಡುವೆ ಏನಿದೆ? ನೀರಾ?"

ಗೊತ್ತಿಲ್ಲ ಎನ್ನಲು ತಂಗಿ ಬಾಯಿ ತೆರೆದಳು. "ನೀರಲ್ಲ," ಎಂದಳು. "ನೀರಾಗಿದ್ರೆ ದೋಣಿ ಹೋಗ್ತಿತ್ತು. ಏನೂ ಇಲ್ಲ ಅಲ್ಲಿ. ಬಗ್ಗಿ ನೋಡಿದ್ರೆ ತಳ ಕಾಣಲ್ಲ."

"ಜನ ಇದಾರಾ?" ನರ್ಸ್ ಪಿಸುಗುಟ್ಟಿದಳು.

"ಇದಾರೆ." ತಂಗಿ ಬೆಂಚಿನ ಅಂಚಿನಿಂದ ಕೈ ತೆಗೆದಳು. "ಒಂದೊಂದು ತುಂಡಿನ ಮೇಲೆ ಒಬ್ಬೊಬ್ಬರು. ಕೂಗಿದ್ರೆ ಕೇಳಿಸತ್ತೆ. ಹತ್ತಿರ ಬರೋಕಾಗಲ್ಲ."

ಕಂಡಕ್ಟರ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ನಾನು ದೋಣಿಯಿಂದ ಇಳೀತೀನಿ," ಎಂದ. "ಮೊದಲನೇ ತುಂಡಿನ ಮೇಲೆ ನಿಲ್ತೀನಿ. ಏನಾಗತ್ತೆ?"

"ಒಂದು ಕಡೆಗೆ ವಾಲತ್ತೆ."

ನರ್ಸ್ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆಂಚಿನ ಕೆಳಗೆ ಕಂಡಕ್ಟರನ ಎರಡೂ ಪಾದಗಳು, ಅವನಿಗೇ ತಿಳಿಯದಂತೆ, ನೆಲದಿಂದ ಗೇಣುದ್ದ ಮೇಲೆದ್ದಿದ್ದವು.