ಅಂಕೋಲೆಕರ್ ಮತ್ತು ನಾಯಕ

ನಮ್ಮ ಸೈದ್ಧಾಂತಿಕ ಭೌತಶಾಸ್ತ್ರದ ಕಸುಬಿನಲ್ಲಿ ಒಂದು ರೂಢಿಯಿದೆ. ಸಂಶೋಧನಾ ಪ್ರಬಂಧದ ಮೇಲೆ ಲೇಖಕರ ಹೆಸರುಗಳನ್ನು ಅಡ್ಡಹೆಸರಿನ ಅಕ್ಷರಕ್ರಮದಲ್ಲಿ ಹಾಕುತ್ತೇವೆ. ಯಾರು ದುಡಿದರು, ಯಾರು ತೂಕಡಿಸಿದರು ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಕಾರವಾರದ ಮಂಗೇಶ ಅಂಕೋಲೆಕರರಿಗೆ ಈ ರೂಢಿ ಹೇಳಿ ಮಾಡಿಸಿದಂತಿತ್ತು. ನಾನು ಶೆಟಗೇರಿಯ ವಿಜೇತಾ ನಾಯಕ.

ಇಬ್ಬರೂ ಕಾರವಾರದ ಒಂದೇ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕರು. ಅಂಕೋಲೆಯ ಬಸ್ಸು ಅರ್ಗಾ ದಾಟುವಾಗಲೂ ನನ್ನ ತೊಡೆಯ ಮೇಲೆ ಲೆಕ್ಕದ ಹಾಳೆ ಇರುತ್ತಿತ್ತು. ನನ್ನ ವಿಷಯ ಸ್ಟ್ರಿಂಗ್ ಥಿಯರಿ, ಅಂದರೆ ಜಗತ್ತಿನ ಮೂಲ ಕಣಗಳೆಲ್ಲ ಅತಿ ಸಣ್ಣ ತಂತಿಗಳು ಎನ್ನುವ ಸಿದ್ಧಾಂತ. ಜಗತ್ತಿನ ಸುರುಳಿ ಸುತ್ತಿದ ಒಂದು ದಿಕ್ಕು ತುಂಬಾ ದೊಡ್ಡದಿರಲಿ, ಅದಕ್ಕೆ ತಕ್ಕಂತೆ ತುಂಬಾ ಚಿಕ್ಕದಿರಲಿ, ತಂತಿಗಳಿಗೆ ಎರಡೂ ಒಂದೇ ಜಗತ್ತು; ಇದು ಡ್ಯುಯಾಲಿಟಿ. ಈ ಅದಲುಬದಲಿನಲ್ಲಿ ಬ್ರೇನ್ ಎಂಬ ಪೊರೆಗಳು ಏನಾಗುತ್ತವೆ ಎಂದು ಎರಡು ವರ್ಷ ಕೂತು ಒಂದು ಹೊಸ ಜ್ಯಾಮಿತಿಯಲ್ಲಿ ಲೆಕ್ಕ ಹಾಕಿ ಪ್ರಬಂಧ ಬರೆದೆ. ಮಂಗೇಶ ಸರ್ ಕೊನೆಯಲ್ಲಿ ಎರಡು ಉಲ್ಲೇಖ ಸೇರಿಸಿ, ಒಂದು ಅಲ್ಪವಿರಾಮ ತೆಗೆದರು. ಹಿರಿಯರಲ್ಲವೇ ಎಂದು ಅವರ ಹೆಸರೂ ಹಾಕಿದೆ. ನನ್ನದೇ ಪೆದ್ದುತನ.

೨೦೦೬ರಲ್ಲಿ ಒಂದೇ ಒಂದು ಖಾಯಂ ಹುದ್ದೆ ಬಂತು. ಅರ್ಜಿ ಹಾಕಿದವರು ನಾವಿಬ್ಬರು. ಆಯ್ಕೆ ಸಮಿತಿಯ ಮೂವರಲ್ಲಿ ಭೌತಶಾಸ್ತ್ರ ಬಲ್ಲವರು ಒಬ್ಬರೂ ಇರಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಇಬ್ಬರ ಅರ್ಜಿಯಲ್ಲೂ ಅದೇ ಪ್ರಬಂಧ ಇದ್ದುದರಿಂದ, ಅದು ಯಾರದೆಂದು ತೀರ್ಮಾನಿಸಲು ಇಬ್ಬರನ್ನೂ ಒಟ್ಟಿಗೆ ಕರೆದರು.

"ಅಂಕೋಲೆಕರ್ ಹೆಸರು ಮೊದಲು ಅದೆ. ಅಂದ್ರೆ ಮುಖ್ಯ ಅವ್ರೇ ಅಲ್ಲವಾ?" ಎಂದರು ಅಧ್ಯಕ್ಷರು.

"ಅದು ಬರೀ ಅಕ್ಷರಕ್ರಮ ಸರ್," ಎಂದೆ.

ಅಧ್ಯಕ್ಷರು ಮಂಗೇಶ ಸರ್ ಕಡೆ ತಿರುಗಿದರು.

"ಎಂತ ಹೇಳುದು ಸರ್, ಹೆಸರಿನ ಆಸೆ ನಂಗಿಲ್ಲ," ಎಂದು ಅವರು ನೆಲ ನೋಡಿದರು. ಎಂಥ ವಿನಯ! ನನಗೆ ಮೈ ಉರಿಯಿತು.

"ಹಾಗಾದ್ರೆ ಬೋರ್ಡಿನ ಮೇಲೆ ಸ್ವಲ್ಪ ತಿಳಿಸಿ ನೋಡುವಾ."

ಮಂಗೇಶ ಸರ್ ಒಂದು ಕೊಳವೆ ಬರೆದು, ಅದಕ್ಕೆ ಸುತ್ತಿಕೊಂಡ ಒಂದು ಪೊರೆ ಬರೆದರು. "ಡ್ಯುಯಾಲಿಟಿ ಮಾಡಿದ್ರೂ ಬ್ರೇನ್ ಹೀಗೇ ಸುತ್ತಿಕೊಂಡಿರ್ತದೆ," ಎಂದರು. ಶುದ್ಧ ತಪ್ಪು! ಅದರ ಒಂದು ಆಯಾಮ ಹೋಗಬೇಕು, ಸುತ್ತು ಉಳಿಯಬಾರದು. ಪ್ರಬಂಧದ ಮೊದಲ ಪುಟದಲ್ಲೇ ಅದಿದೆ. ಮೂವರೂ ತಲೆಯಾಡಿಸುತ್ತಿದ್ದರು.

ತಪ್ಪು ಚಿತ್ರ ಕಣ್ಣೆದುರಿಗಿದ್ದರೆ ನನಗೆ ಕೂರಲಾಗುವುದಿಲ್ಲ. ಎದ್ದು ಸೀಮೆಸುಣ್ಣ ಕಸಿದುಕೊಂಡೆ. ಸಂದರ್ಶನ ಮರೆತು ಇಪ್ಪತ್ತು ನಿಮಿಷ ಬರೆದೆ, ಹೇಳಿದೆ. ಮಂಗೇಶ ಸರ್ ಡಸ್ಟರ್ ಹಿಡಿದು ಪಕ್ಕದಲ್ಲಿ ನಿಂತು, "ಹಾಂ, ಮುಂದೆ?" ಎನ್ನುತ್ತಿದ್ದರು.

"ಬೇಕಂತ್ಲೇ ತಪ್ಪು ಬರೆದು ಪರೀಕ್ಷೆ ಮಾಡಿದ್ರಲ್ಲಾ!" ಎಂದು ಅಧ್ಯಕ್ಷರು ಅವರ ಕೈ ಕುಲುಕಿದರು. "ಶಿಷ್ಯೆಯನ್ನ ಎಷ್ಟು ಚಂದ ತಯಾರು ಮಾಡಿದ್ದೀರಿ!"

ಆದೇಶ ಅವರಿಗೆ ಬಂತು. ಒಂದೇ ವಿಷಯಕ್ಕೆ ಇಬ್ಬರು ಬೇಡವೆಂದು ನನ್ನ ತಾತ್ಕಾಲಿಕ ಕೆಲಸವನ್ನೂ ಮುಗಿಸಿದರು. ಪುಸ್ತಕ ಕಟ್ಟಿಕೊಳ್ಳಲು ಹೋದ ದಿನ ಮಂಗೇಶ ಸರ್ ಪೇಡೆ ಕೊಟ್ಟರು.

"ಬೇಜಾರ್ ಮಾಡ್ಕಬೇಡ ವಿಜೇತಾ. ನಾಡಿದ್ದು ಧಾರವಾಡದಲ್ಲಿ ನಂದು ಭಾಷಣ ಉಂಟು. ಆ ಬ್ರೇನಿನ ಆಯಾಮ ಎಲ್ಲಿ ಹೋಗ್ತದೆ, ಇನ್ನೊಂದ್ಸಲ ಹೇಳ್ತಿಯಾ?"

ನನ್ನ ನಾಚಿಕೆಗೇಡಿತನಕ್ಕೆ ಏನೆನ್ನಲಿ! ಪೇಡೆಯನ್ನು ಮೇಜಿನ ಮೇಲಿಟ್ಟು, ಕೂತು ಹೇಳಿಕೊಟ್ಟೆ. ಧಾರವಾಡದವರು ತಪ್ಪು ಕಲಿಯಬಾರದಲ್ಲ.